ಹಿತ್ತಾಳೆಗೆ ಹಾಕಿದ ಎಲೆ

ನನ್ನ ಕೆನ್ನೆಗಳನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೊಗಳುತ್ತಿಲ್ಲವಲ್ಲ, ಏನು ಮಾಡಲಿ? ಯುಫೋನಿಯಂ ಊದಲು ಶುರು ಮಾಡಿದ ಮೇಲೆ ಅವು ಎಷ್ಟು ಬಲಿತಿವೆಯೆಂದರೆ, ನಾನು ಉಸಿರು ಬಿಟ್ಟರೆ ಹಲಸೂರು ಕೆರೆಯ ದೋಣಿಗಳು ತಾವೇ ದಡ ಸೇರುತ್ತವೆ. ಯುಫೋನಿಯಂ ಅಂದರೆ ಬ್ಯಾಂಡ್ ಸೆಟ್ಟಿನಲ್ಲಿ ಮಗುವಿನ ಹಾಗೆ ಅಪ್ಪಿಕೊಂಡು ಊದುವ ದಪ್ಪ ಹಿತ್ತಾಳೆ ವಾದ್ಯ. ತೂಕ ಮಾತ್ರ ಮಗುವಿನ ಅಜ್ಜನದು. ಕಲಬುರಗಿಯಿಂದ ಬಂದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ಕಲೆಯನ್ನು ಸಹಿಸುತ್ತಿರುವ ನಮ್ಮವ್ವನಿಗೆ ಇದರ ಬೆಲೆ ತಿಳಿಯದು. "ಕುಕ್ಕರ್ ಸೀಟಿ ಕೇಳಸವಲ್ದು, ಬ್ಯಾಳಿ ಹೊತ್ತಿ ಹೋತು! ಹೊರಗ ಹೋಗಿ ಊದೋ ಮಾರಾಯಾ!"

ಹೀಗೆ ಹೊರಗೆ ಬಿದ್ದವರನ್ನೆಲ್ಲ ಸೇರಿಸಿಕೊಂಡವಳು ಸೆಲ್ವಿ ಅಕ್ಕ. ಇನ್ನೂ ಇಪ್ಪತ್ತಮೂರು. ವಾರವೆಲ್ಲ ಕಾಲೇಜಿನಲ್ಲಿ ಸಂಶೋಧನೆ, ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ನಮಗೆ ಪಾಠ, ಲಗ್ನದ ದಿನಗಳಲ್ಲಿ ಶಿವಾಜಿನಗರದ ತನ್ನಪ್ಪನ ಬ್ಯಾಂಡಿನಲ್ಲಿ ಟ್ರಂಪೆಟ್. ಸಂಶೋಧನೆಯ ವಿಷಯ: ಮದುವೆಗಳಲ್ಲಿ ಬ್ಯಾಂಡಿನವರಿಗೆ ಎಲ್ಲಿ ಊಟ ಹಾಕುತ್ತಾರೆ, ಯಾಕೆ.

"ಅಕ್ಕಾ, ಇದಕ್ಕೆಲ್ಲ ಕಾಲೇಜ್ ಯಾಕೆ? ಛತ್ರದ ಹಿಂದ್ಗಡೆ, ಪಾತ್ರೆ ತೊಳೆಯೋ ಜಾಗದಲ್ಲಿ" ಎಂದೆ.

"ಎಲ್ಲಿ ಅಂತ ಹೇಳ್ದೆ, ಯಾಕೆ ಅನ್ನೋದನ್ನ ನುಂಗ್ಬಿಟ್ಟೆ ನೋಡು" ಎಂದಳು.

ಬ್ಯಾಂಡಿನಲ್ಲಿರುವವರು ಬಹುಪಾಲು ನಮ್ಮ ಕೇರಿಗಳವರೇ. ನುಂಗಿದ ಉತ್ತರ ಅದು.

ಹಿತ್ತಾಳೆಯ ಹಣೆಬರಹ ಯೋಚಿಸಿ. ಗಂಟೆಯಾದರೆ ಗರ್ಭಗುಡಿಯ ಬಾಗಿಲವರೆಗೆ, ಬಿಂದಿಗೆಯಾದರೆ ಅಡುಗೆಮನೆಯವರೆಗೆ, ದೀಪವಾದರೆ ದೇವರ ಪಕ್ಕಕ್ಕೇ ಪ್ರವೇಶ. ಅದೇ ಹಿತ್ತಾಳೆ ಟ್ರಂಪೆಟ್ ಆಗಿ ಹುಟ್ಟಿದರೆ ಛತ್ರದ ಗೇಟಿನಲ್ಲೇ ನಿಲ್ಲಬೇಕು. ಇಷ್ಟು ದೊಡ್ಡ ವಿಚಾರ ಅಕ್ಕನ ಸಂಶೋಧನೆಯಲ್ಲೂ ಇಲ್ಲ. ನನ್ನದೇ.

ಅಕ್ಕನ ಪಾಠದಲ್ಲಿ ಒಂದೇ ಕಟ್ಟುನಿಟ್ಟು. "ಒಬ್ಬ ತಪ್ಪು ಊದಿದ್ರೆ ಎಲ್ರೂ ಅದನ್ನೇ ಊದ್ಬಿಡಿ. ಒಬ್ನನ್ನೇ ಸಿಕ್ಕಿಹಾಕ್ಸಬೇಡಿ."

ಕೆ.ಆರ್. ಪುರದ ಒಂದು ಮದುವೆಗೆ ಬ್ಯಾಂಡು ಗೊತ್ತಾದಾಗ ಅಕ್ಕ ಹೆಣ್ಣಿನ ಸೋದರಮಾವನಿಗೆ ಮೊದಲೇ ಹೇಳಿದ್ದಳು, "ನಾವೂ ಎಲ್ಲರ ಜೊತೆ ಕೂತು ಊಟ ಮಾಡ್ತೀವಿ ಸಾರ್." ಆತ "ನೋಡೋಣಮ್ಮ" ಎಂದಿದ್ದರು. ನೋಡೋಣ ಎಂದವರು ಯಾವತ್ತಾದರೂ ನೋಡಿದ್ದುಂಟೇ?

"ಬಿಡಮ್ಮಾ, ಯಾವತ್ತೂ ಕೂತಿಲ್ಲ. ಇವತ್ತು ಕೂತ್ರೆ ಜೀರ್ಣ ಆಗುತ್ತಾ?" ಎಂದರು ಅಕ್ಕನ ಅಪ್ಪ, ಮದುವೆಯ ದಿನ ಹೊರಡುವಾಗ.

"ಇವತ್ತು ಕೂರಿಸ್ಲಿಲ್ಲ ಅಂದ್ರೆ ಈ ಹುಡುಗ್ರನ್ನ ಇನ್ನು ಯಾವ ಮದುವೆಗೂ ಕರ್ಕೊಂಡು ಬರಲ್ಲಪ್ಪಾ. ಪಾತ್ರೆ ಪಕ್ಕ ಕೂರೋದನ್ನ ನಾನು ಕಲಿಸಲ್ಲ."

ಜಗತ್ತು ನನ್ನಂಥ ಕಲಾವಿದನನ್ನು ಕಳೆದುಕೊಳ್ಳುವುದೇ?

ಗಂಡಿನ ಮೆರವಣಿಗೆ ಗೇಟಿಗೆ ಬಂದಾಗ ಬ್ಯಾಂಡಿನವರು ಎರಡು ಸಾಲಾಗಿ ಸರಿದು ದಾರಿ ಬಿಡಬೇಕು, ಅಕ್ಕ ಟ್ರಂಪೆಟ್ ಇಳಿಸಿದೊಡನೆ ನಿಲ್ಲಿಸಬೇಕು. ಅವಳು ಇಳಿಸಿದಳಂತೆ. ನನಗೆ ಕಂಡರೆ ತಾನೇ? ಎಡಗಡೆ ಪ್ರಪಂಚವನ್ನೆಲ್ಲ ಯುಫೋನಿಯಂ ಮುಚ್ಚಿತ್ತು. ಬಲಗಣ್ಣನ್ನು ನಾನೇ ಮುಚ್ಚಿದ್ದೆ, ನನ್ನ ಸ್ವರಕ್ಕೆ ನಾನೇ ಮನಸೋತು. ಊದುತ್ತಾ ಸೀದಾ ಒಳಗೆ ನಡೆದೆ. ಪಾಠ ಪಾಠವೇ. ಇಡೀ ಬ್ಯಾಂಡು ನನ್ನ ತಪ್ಪನ್ನೇ ಊದುತ್ತಾ ಹಿಂದೆ ಬಂತು. ಬ್ಯಾಂಡಿನ ಹಿಂದೆ ಮದುಮಗ, ಅವನ ಹಿಂದೆ ವಿಡಿಯೋ ಲೈಟು, ಲೈಟಿನ ಹಿಂದೆ ಆರತಿ ತಟ್ಟೆ ಹಿಡಿದು ಓಡುತ್ತಿದ್ದ ಹೆಂಗಸರು. ಸಾರಿನ ಘಮಕ್ಕೆ ಕಣ್ಣು ಬಿಟ್ಟರೆ, ಎದುರಿಗೆ ಸಾಲುಸಾಲು ಬಾಳೆಲೆ.

"ಏಯ್, ಬ್ಯಾಂಡ್‌ನೋರೆಲ್ಲ ಹೊರಗೆ ನಡೀರಿ! ಹಿಂದ್ಗಡೆ ಕಳಿಸ್ತೀವಿ" ಎಂದು ಹೆಣ್ಣಿನ ಸೋದರಮಾವ ಓಡಿ ಬಂದರು.

ಅಕ್ಕ ಮೊದಲ ಎಲೆಯ ಮುಂದೆ ಕೂತು, ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಒಬ್ಬರು ಮಾಡಿದ್ದನ್ನು ಎಲ್ಲರೂ ಮಾಡಬೇಕಲ್ಲ? ಕೂತೆವು. ಕೊನೆಗೆ ಅವಳಪ್ಪನೂ ಜರಿ ಕೋಟಿಗೆ ಕೈ ಒರೆಸಿಕೊಂಡು ಕೂತರು. ಬಡಿಸುವವನು ಮುಖ ನೋಡುವವನಲ್ಲ, ಎಲೆ ನೋಡುವವನು. ಉಪ್ಪು, ಕೋಸಂಬರಿ, ಪಲ್ಯ ಬಿತ್ತು. ಬಡಿಸಿದ ಎಲೆಯ ಮುಂದಿಂದ ಎಬ್ಬಿಸುವುದೇ? ಅದೂ ಮದುಮಗನ ಎದುರಿಗೆ? ಮಾವನ ಬಾಯಿ ತೆರೆಯಿತು, ಮುಚ್ಚಿತು. ಒಳ್ಳೇ ಊದುವ ಬಾಯಿ, ಶಬ್ದ ಬರಲಿಲ್ಲ ಅಷ್ಟೇ.

"ಸಾರ್, ನಂಗೂ ಒಂದೆಲೆ ಹಾಕ್ಸಿ. ಬೆಳಿಗ್ಗೆಯಿಂದ ಬರೀ ಫೋಟೋ" ಎಂದು ಮದುಮಗ ಅಕ್ಕನ ಅಪ್ಪನ ಪಕ್ಕದಲ್ಲೇ ಕೂತ.

ಊಟವಾದ ಮೇಲೆ ಮತ್ತೆ ಊದಬೇಕಿತ್ತು. ಆಗ ತಿಳಿಯಿತು ಕಷ್ಟ. ನನ್ನ ಉಸಿರು ಹೊಟ್ಟೆಯಿಂದ ಹೊರಟು, ದಾರಿಯಲ್ಲಿ ಹೋಳಿಗೆ ಅಡ್ಡ ಸಿಕ್ಕು, ಕ್ಷಮೆ ಕೇಳಿ ವಾಪಸ್ ಹೋಯಿತು. ಡ್ರಮ್ಮಿನವರು ತೂಕಡಿಸಿದರು. ಅಕ್ಕನ ಎತ್ತರದ ಸ್ವರ ತೇಗಾಗಿ ಹೊರಬಿತ್ತು. ಅವಳಪ್ಪ ನಕ್ಕ ರಭಸಕ್ಕೆ ಟೋಪಿ ಉರುಳಿತು. ಅಷ್ಟು ಕೆಟ್ಟ ಸಂಗೀತ ಆ ಛತ್ರ ಕೇಳಿರಲಾರದು. ಹಸಿದವರು ಬಲು ಚೆನ್ನಾಗಿ ಊದುತ್ತಾರೆಂದು ಇಷ್ಟು ದಿನ ಎಲ್ಲರೂ ತಲೆದೂಗಿದ್ದಾಯಿತು. ಹೊಟ್ಟೆ ತುಂಬಿದವರು ಒಂದು ಸಂಜೆ ಅಪಸ್ವರ ಊದಿದರೆ ಯಾವ ಮದುವೆಯೂ ಮುರಿದು ಬೀಳುವುದಿಲ್ಲ.