ಒಂದೇ ಕೋಣೆಯ ಎರಡು ಸರ್ವರ್‌ಗಳು

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ತಿಕೋಟಾ, ಬಬಲೇಶ್ವರಗಳಲ್ಲಿ ನಮ್ಮ ಚಿಕ್ಕ ಶಾಖೆಗಳಿವೆ. ಮೂರೂ ಕಡೆ ಡಾಕ್ಟರಾಗಲಿ ನರ್ಸಾಗಲಿ ಲಾಗಿನ್ ಆದಾಗ, ಗುರುತು ನೋಡಿ ಒಳಗೆ ಬಿಡುವ ಸರ್ವರ್ ಒಂದಿರುತ್ತದೆ. ಅದೇ ಡೊಮೈನ್ ಕಂಟ್ರೋಲರ್. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾನು ಎರಡು ಇಟ್ಟಿದ್ದೆ. ಆದರೆ ಎರಡೂ ವಿಜಯಪುರದಲ್ಲಿ, ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್ ಮೇಲೆ. ಒಂದನ್ನು ತಿಕೋಟಾಕ್ಕೆ ಸಾಗಿಸೋಣವೆಂದು ನನ್ನ ಸಹೋದ್ಯೋಗಿ ಎರಡು ಸಲ ಹೇಳಿದ್ದಳು. ನೋಡೋಣ ಎಂದಿದ್ದೆ.

ಒಂದು ದಿನ ಬೆಳಿಗ್ಗೆ, ಸೋದರತ್ತೆ ತೀರಿಕೊಂಡಿದ್ದರಿಂದ, ಘೋಣಸಗಿಗೆ ಆಕೆಯ ಮಣ್ಣಿಗೆ ಹೋಗಿದ್ದೆ. ಫೋನು ಕಾರಿನಲ್ಲಿತ್ತು. ಎಲ್ಲ ಮುಗಿಸಿ, ಕೈಕಾಲು ತೊಳೆದು ಬಂದು ನೋಡಿದರೆ ತುಂಬ ಕರೆಗಳು ಬಂದು ಹೋಗಿದ್ದವು. ಯುಪಿಎಸ್ ಬ್ಯಾಟರಿಗೆ ಬೆಂಕಿ ಹತ್ತಿ ಎರಡೂ ಸರ್ವರ್ ಸುಟ್ಟಿದ್ದವು. ಲಾಗಿನ್ ಆಗದೆ ಮೂರೂ ಕಡೆ ರೋಗಿಗಳ ದಾಖಲೆ ತೆರೆಯುತ್ತಿರಲಿಲ್ಲ.

ಸಹೋದ್ಯೋಗಿಗೆ ಫೋನು ಮಾಡಿದೆ. ಬೇರೆ ಕೋಣೆಯಲ್ಲಿಟ್ಟಿದ್ದ, ಸರ್ವರಿನ ನಕಲಿರುವ ಬ್ಯಾಕಪ್ ಡಿಸ್ಕ್ ಹಿಡಿದು ತಿಕೋಟಾಕ್ಕೆ ಹೋಗಿ ಎರಡು ತಾಸಿನಿಂದ ಕಾಯುತ್ತಿದ್ದಳು.

"ಡಿಸ್ಕ್ ಐತ್ರಿ ಸರ್. ಪಾಸ್‌ವರ್ಡ್ ನಿಮ್ಮ ತಲ್ಯಾಗ ಅಷ್ಟ ಐತಿ," ಎಂದಳು.

ಆ ಪಾಸ್‌ವರ್ಡನ್ನು ಈಚೆಗೆ ಬದಲಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ರಸ್ತೆಬದಿ ನಿಂತು ಒಂದೊಂದೇ ಅಕ್ಷರ ಹೇಳಿದೆ. ಆಕೆ ಅಲ್ಲಿನ ಸಾಧಾರಣ ಕಂಪ್ಯೂಟರಿನಲ್ಲೇ ಬ್ಯಾಕಪ್ ಇಳಿಸಿದಳು. ಮಧ್ಯಾಹ್ನ ಎಲ್ಲವೂ ತೆರೆಯಿತು.

ಅಷ್ಟು ಹೊತ್ತೂ ಬಬಲೇಶ್ವರದಲ್ಲಿ ಒಬ್ಬ ಹೆಂಗಸು ಕಾಲು ಬಾತು, ಜ್ವರದಲ್ಲಿ ಮಲಗಿದ್ದಳು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್‌ನಿಂದ ಆಕೆಯ ಜೀವಕ್ಕೇ ಕುತ್ತು ಬಂದಿತ್ತು. ಅದರ ಹೆಸರಿದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಅದು ತಿಳಿಯುವವರೆಗೆ ಬಲವಾದ ಔಷಧ ಕೊಡಲು ಡಾಕ್ಟರಿಗೆ ಧೈರ್ಯ ಬರಲಿಲ್ಲ. ಕೊನೆಗೆ ಕಾಲು ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ತಡವಾದದ್ದಕ್ಕೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ.

ವಾರದ ಮೇಲೆ ಆಕೆಯನ್ನು ನೋಡಲು ಹೋದೆ. ನಾನು ಡಾಕ್ಟರಲ್ಲ, ಕಂಪ್ಯೂಟರ್ ನೋಡಿಕೊಳ್ಳುವವನು, ತಪ್ಪು ನನ್ನದು ಎಂದೆ. ಆ ಹೊತ್ತಿನಲ್ಲಿ ಎಲ್ಲಿದ್ದೆನೆಂದೂ ಹೇಳಿದೆ.

"ನಿಮ್ಮ ಅತ್ತಿ ಮಣ್ಣಾರ ಗಡಿಬಿಡಿ ಇಲ್ದ ಆತೇನಪಾ?" ಎಂದು ಆಕೆ ಕೇಳಿದಳು.

ಹೌದೆಂದು ತಲೆಯಾಡಿಸಿದೆ.

ಈಗ ಒಂದು ಸರ್ವರ್ ವಿಜಯಪುರದಲ್ಲಿ, ಇನ್ನೊಂದು ತಿಕೋಟಾದಲ್ಲಿದೆ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಎರಡು ಕಡೆ ಇದೆ. ಮೂರು ತಿಂಗಳಿಗೊಮ್ಮೆ, ನಾನು ಇಲ್ಲವೇ ಇಲ್ಲ ಎಂದು ತಿಳಿದು, ವಿಭಾಗದ ಉಳಿದವರು ಎಲ್ಲವನ್ನೂ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಿ ನೋಡುತ್ತಾರೆ. ಆಗ ನಾನು ಏನನ್ನೂ ಮುಟ್ಟುವಂತಿಲ್ಲ, ಹೇಳುವಂತೆಯೂ ಇಲ್ಲ.

ಹಾಗೆ ನೋಡಿದ ಮೊದಲ ಸಲ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎಬ್ಬಿಸುವ ಕ್ರಮವನ್ನು ನಾನು ಬರೆದುಕೊಟ್ಟ ಹಾಳೆಯಲ್ಲಿ ಒಂದು ಹಂತವೇ ಬಿಟ್ಟುಹೋಗಿತ್ತು. ಸಹೋದ್ಯೋಗಿ ಅರ್ಧ ತಾಸು ತಡಕಾಡಿ ತಾನೇ ಕಂಡುಹಿಡಿದಳು. ಹೊರಗೆ ಬಂದು ನನ್ನ ಪೆನ್ನು ಇಸಿದುಕೊಂಡು, ಆ ಹಂತವನ್ನು ಹಾಳೆಯಲ್ಲಿ ಬರೆದಳು.