ಆರು ಗಂಟೆಗೆ ಒಡೆಯುತ್ತಿದ್ದ ಚಿತ್ರ

ಸುತ್ತಮುತ್ತಲಿನ ಬೀದಿಗಳಲ್ಲಿ ಅವಳಿಗೆ ಆಂಟೆನಾ ಅಕ್ಕ ಎಂದೇ ಹೆಸರು. ನಲವತ್ತಾರು ವರ್ಷ, ಬೆನ್ನಿಗೊಂದು ಚೀಲ, ಕಾಲಿಗೆ ದಪ್ಪ ರಬ್ಬರ್ ಅಟ್ಟೆಯ ಬೂಟು. ಎಂಥ ಎತ್ತರದ ತಾರಸಿಯಿರಲಿ, ಏಣಿ ಸಿಕ್ಕರೆ ಸಾಕು, ಸರಸರನೆ ಹತ್ತಿಬಿಡುತ್ತಿದ್ದಳು. "ಈಕೆಗೆ ಭಯ ಅನ್ನೋದೇ ಇಲ್ಲ ನೋಡಿ" ಎಂದು ಜನ ಕೆಳಗೆ ನಿಂತು ಮೆಚ್ಚಿಕೊಳ್ಳುವಾಗ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಭಯವಿದ್ದುದಕ್ಕೇ ಅಷ್ಟು ಬೇಗ ಹತ್ತುತ್ತಿದ್ದಳು ಎಂದು ಯಾರಿಗೆ ತಾನೇ ಹೇಳಿಯಾಳು? ನಿಧಾನಿಸಿದರೆ ಅರ್ಧದಿಂದಲೇ ಇಳಿದುಬಿಡುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಇದು ಅಣ್ಣನ ಕಸುಬು. ಅವಳು ಅಂಗಡಿಯಲ್ಲಿ ಕೂತು ಕೇಬಲ್ಲಿನ ತುದಿಗೆ ಪಿನ್ನು ಹಾಕುತ್ತಿದ್ದಳು. ಹಳೆಯ ಕಾಲದಲ್ಲಿ ಸಿಗ್ನಲ್ ಸೊರಗಿದರೂ ಪರದೆಯ ಮೇಲೆ ಮಂಜು ಮುಸುಕಿದ ಹಾಗೆ ಏನೋ ಒಂದು ಕಾಣುತ್ತಿತ್ತು, ಜನ ಸುಧಾರಿಸಿಕೊಳ್ಳುತ್ತಿದ್ದರು. ಡಿಜಿಟಲ್ ಬಂದ ಮೇಲೆ ಆ ರಿಯಾಯಿತಿ ಹೋಯಿತು. ಬಂದರೆ ಕನ್ನಡಿಯಂಥ ಚಿತ್ರ, ಇಲ್ಲವೆಂದರೆ ಚೌಕ ಚೌಕವಾಗಿ ಒಡೆದು, ಮಾತು ತುಂಡಾಗಿ, ಕೊನೆಗೆ ಕಪ್ಪು ಪರದೆ. ಆಂಟೆನಾವನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕೆಳಗೊಬ್ಬರು ಪರದೆ ನೋಡಿ ಕೂಗಿ ಹೇಳಬೇಕು. ಆ ಕೆಲಸಕ್ಕೆ ಅಣ್ಣ ತಂಗಿಯನ್ನು ಜೊತೆಗೆ ಕರೆದೊಯ್ಯತೊಡಗಿದ.

ಒಂಬತ್ತು ವರ್ಷದ ಹಿಂದೆ ಒಂದು ದಿನ ಯಾರದೋ ಮನೆಯ ನಡುಮನೆಯಲ್ಲಿ ನಿಂತು ಅವಳು "ಬಂತು ಅಣ್ಣಾ, ಬಂತು! ಅಷ್ಟಕ್ಕೇ ಬಿಡು!" ಎಂದು ಕೂಗಿದ್ದಳು. ಪರದೆಯ ಮೇಲೆ ಯಾರೋ ನಗುತ್ತಾ ಹಾಡುತ್ತಿದ್ದರು. ಆಗಲೇ ಹಿತ್ತಲಲ್ಲಿ ಏನೋ ದೊಪ್ಪೆಂದು ಬಿದ್ದ ಸದ್ದಾಯಿತು. ಅಣ್ಣ ಹಿಡಿದಿದ್ದ ಆಂಟೆನಾ ಕೊಳವೆಯಲ್ಲಿ ಸ್ವಲ್ಪವೇ ಸ್ವಲ್ಪ ಕರೆಂಟು ಇತ್ತಂತೆ. ಸಾಯಿಸುವಷ್ಟಲ್ಲ, ಕೈ ಜುಮ್ಮೆನ್ನುವಷ್ಟು. ಆ ಜುಮ್ಮಿಗೆ ಬೆಚ್ಚಿ ಕೈಬಿಟ್ಟಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಅಂದಿನಿಂದ ಅಣ್ಣ ಅಂಗಡಿಯ ಕುರ್ಚಿಗೆ, ತಂಗಿ ಏಣಿಗೆ.

ಈಗ ಹೇಳಹೊರಟಿರುವುದು ನಾಲ್ಕು ಮಹಡಿಯ ಒಂದು ಕಟ್ಟಡದ ಸಂಗತಿ. ಎಂಟು ಮನೆಗಳಿಗೂ ಸೇರಿ ತಾರಸಿಯ ಮೇಲೆ ಒಂದೇ ಆಂಟೆನಾ. ಅಲ್ಲಿಂದ ಇಳಿದ ಕೇಬಲ್ಲು ಕವಲೊಡೆದು ಮನೆಮನೆಗೂ ಹೋಗುತ್ತಿತ್ತು. ಕಟ್ಟಡದ ಉಸ್ತುವಾರಿ ನಿವೃತ್ತ ಮೇಷ್ಟ್ರೊಬ್ಬರದು. ಅಂಗಡಿಗೆ ಬಂದವರೇ ಕೂತು ದೂರು ಶುರುಮಾಡಿದರು.

"ನೋಡಮ್ಮಾ, ಹಗಲೆಲ್ಲ ಚೆನ್ನಾಗಿ ಬರುತ್ತೆ. ಸಂಜೆ ಆರು ಗಂಟೆಗೆ ಸರಿಯಾಗಿ ಚಿತ್ರ ಒಡೆಯುತ್ತೆ. ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ತಾನಾಗಿ ಸರಿಹೋಗುತ್ತೆ. ಇಬ್ಬರು ಬಂದು ನೋಡಿದರು. ಒಬ್ಬ ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಬದಲಾಯಿಸಿದ, ಇನ್ನೊಬ್ಬ ಮೋಡ ಅಂದ."

"ಮೋಡ ಗಡಿಯಾರ ನೋಡಿ ಬರುತ್ತಾ ಮೇಷ್ಟ್ರೇ?" ಎಂದಳು ಅವಳು. ಕುರ್ಚಿಯಲ್ಲಿದ್ದ ಅಣ್ಣನೂ ನಕ್ಕ.

ರೋಗ ಬರುವ ಹೊತ್ತಿಗೇ ಹೋಗಿ ನೋಡಬೇಕೆಂದು ಮರುದಿನ ಐದೂವರೆಗೆ ಹೊರಟಳು. ಬೆಳಕು ಇನ್ನೂ ಇತ್ತು, ಗಾಳಿ ಜೋರಾಗಿತ್ತು. ತಾರಸಿಯಲ್ಲಿ ಎರಡಾಳೆತ್ತರದ ನೀರಿನ ಟ್ಯಾಂಕು. ಅದನ್ನು ಹತ್ತಲು ಗೋಡೆಗೆ ಕೂರಿಸಿದ ಕಬ್ಬಿಣದ ಏಣಿ. ಆ ಏಣಿಗೇ ಆಂಟೆನಾದ ಕಂಬವನ್ನು ಬಿಗಿದಿದ್ದರು. ಕಂಬದ ಬುಡದಿಂದ ನೆಲಕ್ಕೆ ಇಳಿಯಬೇಕಿದ್ದ ಅರ್ತಿಂಗ್ ತಂತಿಯನ್ನು ಯಾರೋ ಕತ್ತರಿಸಿ ಒಯ್ದಿದ್ದರು, ಒಂದು ಗೇಣು ತುಂಡು ಮಾತ್ರ ನೇತಾಡುತ್ತಿತ್ತು. ಅದನ್ನು ಕಂಡಾಗಲೇ ಅವಳಿಗೆ ಕಸಿವಿಸಿಯಾಯಿತು. ಟೆಸ್ಟರಿನ ತುದಿಯನ್ನು ಏಣಿಗೆ ಮುಟ್ಟಿಸಿದಳು. ದೀಪ ಹತ್ತಲಿಲ್ಲ. ಅಂಗೈಯ ಹಿಂಬದಿಯಿಂದ ಸವರಿ ನೋಡಿದಳು. ಏನೂ ಇಲ್ಲ. ಉಸಿರು ಬಿಗಿಹಿಡಿದು ಹತ್ತಿದಳು.

ಟ್ಯಾಂಕಿನ ಮುಚ್ಚಳದ ಮೇಲೆ ನೀರು ತುಳುಕಿ ಪಾಚಿ ಕಟ್ಟಿತ್ತು. ಕಾಲೂರಿ ನಿಂತು, ಕೇಬಲ್ ಬಿಚ್ಚಿ ಸಿಗ್ನಲ್ ಅಳೆಯುವ ಮೀಟರಿಗೆ ಸಿಕ್ಕಿಸಿದಳು. ಸಿಗ್ನಲ್ ಭರ್ತಿ ಇತ್ತು. ಆಂಟೆನಾದ ಕಡ್ಡಿಗಳೂ ನೆಟ್ಟಗಿದ್ದವು, ಮುಖವೂ ಸರಿಯಾದ ದಿಕ್ಕಿಗಿತ್ತು. ಹಾಗಾದರೆ ಕಾಯಿಲೆ ಮೇಲಿಲ್ಲ, ಕೆಳಗಿದೆ ಎಂದುಕೊಂಡು ಕೇಬಲ್ಲನ್ನು ಮೀಟರಿನ ಮೂಲಕವೇ ಮತ್ತೆ ಜೋಡಿಸಿ ಕಾಯುತ್ತಾ ನಿಂತಳು.

ಆರಕ್ಕೆ ಎರಡು ನಿಮಿಷವಿತ್ತೋ ಏನೋ, ಮೀಟರಿನ ಅಂಕಿಗಳು ಕುಣಿಯತೊಡಗಿದವು. ಕೇಬಲ್ಲಿನ ಲೋಹದ ತುದಿ ಅವಳ ಮಣಿಕಟ್ಟಿಗೆ ತಾಗಿತು. ಜುಮ್ ಎಂದಿತು.

ಕೈ ಎಳೆದುಕೊಂಡ ರಭಸಕ್ಕೆ ಒಂದು ಕಾಲು ಜಾರಿತು. ಹಿಡಿಯಲು ಎದುರಿಗೆ ಇದ್ದುದು ಆಂಟೆನಾದ ಕಂಬವೊಂದೇ. ಹಿಡಿಯಬಾರದು, ಸತ್ತರೂ ಹಿಡಿಯಬಾರದು ಎಂದು ಯಾರೋ ತಲೆಯೊಳಗೆ ಕೂಗಿದ ಹಾಗಾಯಿತು. ಮೊಣಕಾಲೂರಿ ಕುಕ್ಕರಿಸಿದಳು. ಟೆಸ್ಟರನ್ನು ಕಂಬಕ್ಕೆ ಮುಟ್ಟಿಸಿದಳು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಏಣಿಯ ಮೇಲಿನ ಮೆಟ್ಟಿಲಿಗೆ ಮುಟ್ಟಿಸಿದಳು. ಅಲ್ಲೂ ಕೆಂಪು.

ಹತ್ತಿ ಬಂದ ಏಣಿಯೇ ಈಗ ಇಳಿಯಲಾರದ ಏಣಿಯಾಗಿತ್ತು. ಟ್ಯಾಂಕಿನ ಇನ್ನೊಂದು ಬದಿಗೆ ತಾರಸಿಯ ಅಂಚು, ಅದರಾಚೆ ನಾಲ್ಕು ಮಹಡಿಯ ಆಳ. ಗಾಳಿ ಬೀಸಿದಾಗಲೆಲ್ಲ ಕಂಬ ಕಿರ್ರೆನ್ನುತ್ತಿತ್ತು. ಅಣ್ಣ ಬಿದ್ದ ಸದ್ದು ಆ ಹೊತ್ತಿಗೆ ಕಿವಿಯಲ್ಲೇ ಕೇಳಿದ ಹಾಗಾಯಿತು.

ಆಗ ಮೆಟ್ಟಿಲ ಕೋಣೆಯ ಬಾಗಿಲು ತೆರೆಯಿತು. ಎರಡನೇ ಮಹಡಿಯ ಮನೆಯೊಂದರ ಸೊಸೆ, ಎಳೆಯ ಹುಡುಗಿ, ಏಳು ತಿಂಗಳ ಬಸುರಿ, ಬಕೆಟ್ಟು ತುಂಬಾ ಹಿಂಡಿದ ಬಟ್ಟೆ ಹಿಡಿದುಕೊಂಡು ಬರಿಗಾಲಲ್ಲಿ ಬಂದಳು. ಬಟ್ಟೆ ಒಣಹಾಕುವ ತಂತಿ ಎಲ್ಲಿದೆ ಎಂದು ಆಂಟೆನಾ ಅಕ್ಕ ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಈಗ ಕಂಡಿತು. ಉಕ್ಕಿನ ತಂತಿ. ಒಂದು ತುದಿ ಗೋಡೆಯ ಕೊಕ್ಕೆಗೆ, ಇನ್ನೊಂದು ತುದಿ ಆಂಟೆನಾದ ಕಂಬಕ್ಕೆ.

ಅವಳು ಇದ್ದ ದನಿಯಷ್ಟನ್ನೂ ಹಾಕಿ ಕೂಗಿದಳು.

"ನಿಲ್ಲಮ್ಮಾ! ತಂತಿ ಮುಟ್ಟಬೇಡ!"

ಗಾಳಿಗೆ ಮಾತು ಹಾರಿಹೋಯಿತು. ಹುಡುಗಿ ಒದ್ದೆ ಸೀರೆಯೊಂದನ್ನು ಕೊಡವಿ ತಂತಿಯತ್ತ ಕೈ ಎತ್ತಿದಳು. ಆಂಟೆನಾ ಅಕ್ಕ ಕೈಗೆ ಸಿಕ್ಕ ಇಕ್ಕಳವನ್ನೇ ಎತ್ತಿ ಹುಡುಗಿಯ ಕಾಲಿನಿಂದ ಮಾರು ದೂರಕ್ಕೆ ಬೀಳುವಂತೆ ಎಸೆದಳು. ಠಣ್ಣೆಂದ ಸದ್ದಿಗೆ ಹುಡುಗಿ ಬೆಚ್ಚಿ ಹಿಂದೆ ಸರಿದು, ಮೇಲೆ ನೋಡಿ ಸಿಡುಕಿದಳು.

"ಏನಕ್ಕ ನೀವು! ತಲೆಗೆ ಬಿದ್ದಿದ್ರೆ?"

"ತಂತೀಲಿ ಕರೆಂಟ್ ಇದೆ! ಬಕೆಟ್ ಅಲ್ಲೇ ಬಿಡು. ಏನೂ ಮುಟ್ಟದೆ ಬಾಗಿಲ ಹತ್ರ ಹೋಗಿ ನಿಂತ್ಕೋ!"

ಹುಡುಗಿಯ ಮುಖ ಬಿಳಚಿಕೊಂಡಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದಹಿಂದಕ್ಕೆ ಹೆಜ್ಜೆಯಿಟ್ಟಳು.

ಆಂಟೆನಾ ಅಕ್ಕ ಮೇಷ್ಟ್ರಿಗೆ ಫೋನ್ ಮಾಡಿದಳು. "ಮೇಷ್ಟ್ರೇ, ಮೇನ್ ಸ್ವಿಚ್ ಆಫ್ ಮಾಡಿ. ಈಗಲೇ."

"ಈಗ ಬೇಡಮ್ಮಾ, ಸೀರಿಯಲ್ ಹೊತ್ತಲ್ಲಿ ಚಿತ್ರ ಒಡೀತಿದೆ ಅಂತ ಎಲ್ಲಾ ಮೊದಲೇ ರೇಗಿದ್ದಾರೆ. ನನ್ನನ್ನೇ ಹರಿದು ತಿಂತಾರೆ."

"ನಾನು ಟ್ಯಾಂಕ್ ಮೇಲಿದ್ದೀನಿ. ಏಣೀಲಿ ಕರೆಂಟ್ ಬರ್ತಿದೆ."

ಆಚೆಯಿಂದ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ "ಆಫ್ ಮಾಡಿದೆನಮ್ಮಾ, ಇಳಿ" ಎಂದರು. ಅವಳು ಒಂದು ಕಾಲನ್ನು ಏಣಿಯತ್ತ ಚಾಚಿದಳು, ಮತ್ತೆ ಹಿಂದಕ್ಕೆಳೆದುಕೊಂಡಳು. ಟೆಸ್ಟರ್ ಹಿಡಿದು ನೋಡಿದರೆ ದೀಪ ಕೆಂಪಗೇ ಉರಿಯುತ್ತಿತ್ತು. ಮೇಷ್ಟ್ರು ಗಾಬರಿಯಲ್ಲಿ ತಮ್ಮ ಮನೆಯದನ್ನಷ್ಟೇ ಆರಿಸಿದ್ದರು.

"ಇಡೀ ಕಟ್ಟಡದ್ದು ಮೇಷ್ಟ್ರೇ! ಕೆಳಗಿನ ದೊಡ್ಡ ಪೆಟ್ಟಿಗೆ!"

ಮೇಷ್ಟ್ರು ಕೆಳಗಿಳಿದು ಬೀಗದ ಕೈ ಹುಡುಕುವಷ್ಟರಲ್ಲಿ ಎಷ್ಟು ನಿಮಿಷ ಕಳೆಯಿತೋ, ಅವಳಿಗೆ ಒಂದು ಯುಗ. ಕೊನೆಗೆ ಮನೆಮನೆಯ ಟಿವಿಯ ತುಂಡು ತುಂಡು ಸದ್ದೂ ಒಮ್ಮೆಗೇ ನಿಂತುಹೋಯಿತು. ಟೆಸ್ಟರಿನ ದೀಪ ಆರಿತು. ಆದರೂ ಅವಳಿಗೆ ಕೈ ಚಾಚಲಾಗಲಿಲ್ಲ. ಮೂರು ಸಲ ಮುಟ್ಟಿಸಿ ನೋಡಿದಳು. ನಾಲ್ಕನೆಯ ಸಲಕ್ಕೆ ಕಣ್ಣು ಮುಚ್ಚಿಕೊಂಡು ಮುಂಗೈ ತಾಗಿಸಿದಳು. ಕಬ್ಬಿಣ ತಣ್ಣಗೆ, ಸುಮ್ಮನಿತ್ತು.

ಅವಳು ಇಳಿದಳು. ಬಾಗಿಲ ಬಳಿ ಹುಡುಗಿಯ ಪಕ್ಕದಲ್ಲೇ ಕುಸಿದು ಕೂತಳು. ಹುಡುಗಿ ಪಿಸುಗುಟ್ಟಿದಳು: "ಅಕ್ಕಾ, ಸಂಜೆ ಬಟ್ಟೆ ಹಾಕುವಾಗ ನಂಗೆ ದಿನಾ ಕೈ ಜುಮ್ ಅಂತಿತ್ತು. ಬಸುರೀಲಿ ಹಾಗಾಗುತ್ತೆ, ನಿಶ್ಶಕ್ತಿ ಅಂದ್ರು ನಮ್ಮತ್ತೆ. ಟಾನಿಕ್ ಕುಡೀತಿದ್ದೆ."

"ಚಪ್ಪಲಿ ಹಾಕ್ಕೊಂಡು ಬರ್ತಿದ್ಯಾ?"

"ಹೂಂ. ಇವತ್ತು ಕಿತ್ತುಹೋಯ್ತು."

ಆಂಟೆನಾ ಅಕ್ಕ ಹುಡುಗಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ತಪ್ಪು ಎಲ್ಲಿದೆ ಎಂದು ಹುಡುಕುವುದು ಆಮೇಲೆ ಕಷ್ಟವಾಗಲಿಲ್ಲ. ಎಲ್ಲ ಮನೆಗಳ ಸ್ವಿಚ್ಚುಗಳನ್ನೂ ಆರಿಸಿ ಮೇನ್ ಹಾಕಿಸಿದಳು. ಕೆಳಗಿನ ಮನೆಯಿಂದ ಶುರುಮಾಡಿ ಒಂದೊಂದೇ ಸ್ವಿಚ್ಚು ಹಾಕಿಸುತ್ತಾ, ಮೆಟ್ಟಿಲ ಬಳಿಯ ಕೇಬಲ್ ಪೆಟ್ಟಿಗೆಗೆ ಟೆಸ್ಟರ್ ಹಿಡಿದು ನಿಂತಳು. ಮೂರನೇ ಮಹಡಿಯ ಬಸ್ ಡ್ರೈವರ್ ತನ್ನ ಬಚ್ಚಲಿನ ಗೀಸರ್ ಹಾಕಿದೊಡನೆ ದೀಪ ಕೆಂಪಾಯಿತು. ಡ್ರೈವರ್ ದಿನಾ ಡ್ಯೂಟಿ ಮುಗಿಸಿ ಆರು ಗಂಟೆಯ ಹೊತ್ತಿಗೆ ಬಂದು ಸ್ನಾನಕ್ಕೆ ನೀರು ಕಾಯಿಸುತ್ತಿದ್ದ. ಗೀಸರಿನ ತಂತಿಯೂ ಟಿವಿ ಕೇಬಲ್ಲೂ ಗೋಡೆಯೊಳಗೆ ಒಂದೇ ಕೊಳವೆಯಲ್ಲಿ ಬರುತ್ತಿದ್ದವು. ಆ ಕೊಳವೆ ಹಾದ ಜಾಗಕ್ಕೆ ಸರಿಯಾಗಿ ಗೋಡೆಯ ಮೇಲೆ ಅವನ ತಾಯಿಯ ಫೋಟೋ ತೂಗುತ್ತಿತ್ತು. ಫೋಟೋ ಇಳಿಸಿ, ಗೀಸರ್ ಆರಿಸಿ, ಮೊಳೆ ಕಿತ್ತು ನೋಡಿದರೆ ಬೆರಳುದ್ದದ ಮೊಳೆಯ ತುದಿ ಸುಟ್ಟು ಕಪ್ಪಾಗಿತ್ತು. ಅದು ತಂತಿಯನ್ನೂ ಕೇಬಲ್ಲನ್ನೂ ಒಟ್ಟಿಗೆ ಚುಚ್ಚಿತ್ತು. ಒಳಗೆ ಹಾರುತ್ತಿದ್ದ ಕಿಡಿಗೆ ಎಂಟು ಮನೆಗಳ ಚಿತ್ರ ಒಡೆಯುತ್ತಿತ್ತು. ಅದೇ ಕೇಬಲ್ಲಿನಲ್ಲಿ ಹತ್ತಿದ ಕರೆಂಟು, ನೆಲಕ್ಕಿಳಿಯಲು ಅರ್ತಿಂಗ್ ಇಲ್ಲದೆ, ತಾರಸಿಯ ಕಬ್ಬಿಣದಲ್ಲೆಲ್ಲ ಕೂತಿರುತ್ತಿತ್ತು.

"ಐದು ತಿಂಗಳ ಹಿಂದೆ ನಾನೇ ಹೊಡೆದಿದ್ದು," ಎಂದ ಡ್ರೈವರ್. ಅವನ ಮುಖ ಸಣ್ಣದಾಗಿತ್ತು. "ಒಂದೇ ಏಟಿಗೆ ಹೋಯ್ತು ಅಂತ ಖುಷಿಪಟ್ಟಿದ್ದೆ."

ಯಾರೂ ಅವನನ್ನು ಬೈಯಲಿಲ್ಲ. ಎರಡನೇ ಮಹಡಿಯ ಅತ್ತೆ ಮಾತ್ರ ಸೊಸೆಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡು ಅತ್ತಿದ್ದು ಹೊರಗೂ ಕೇಳಿಸಿತು.

ವೈರಿಂಗಿನವನು ಬಂದು ಗೀಸರಿನ ತಂತಿಯನ್ನು ಬೇರೆ ದಾರಿಯಲ್ಲಿ ಎಳೆದ. ಆದರೆ ಕಂಬಕ್ಕೆ ಹೊಸ ಅರ್ತಿಂಗ್ ತಂತಿ ಬಿಗಿಯುವ ಕೆಲಸ ಆಂಟೆನಾ ಅಕ್ಕನದೇ. ಮೂರನೇ ದಿನ ಬಂದಳು. ಏಣಿಯ ಮುಂದೆ ನಿಂತವಳು ನಿಂತೇ ಇದ್ದಳು. ಸರಸರನೆ ಹತ್ತುವ ಉಪಾಯ ಆ ದಿನ ಕೆಲಸ ಮಾಡಲಿಲ್ಲ. ಎರಡು ಮೆಟ್ಟಿಲು ಹತ್ತಿ ಇಳಿದಳು. ಮೇಷ್ಟ್ರು ಕೈಕಟ್ಟಿಕೊಂಡು ನೋಡುತ್ತಿದ್ದರು.

"ಯಾಕಮ್ಮಾ, ಏನಾದರೂ ಮರೆತು ಬಂದೆಯಾ?"

"ಇಲ್ಲ ಮೇಷ್ಟ್ರೇ," ಎಂದಳು. ಹಾಗೆಂದು ಯಾರ ಮುಂದೂ ಹಿಂದೆಂದೂ ಹೇಳಿರಲಿಲ್ಲ. "ಭಯ ಆಗ್ತಿದೆ."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬಂದು ಏಣಿಯ ಬುಡದಲ್ಲಿ, ಅವಳ ಕಾಲಿಗೆ ಕೈ ಎಟಕುವಷ್ಟು ಹತ್ತಿರ ನಿಂತರು. "ನಿಧಾನಕ್ಕೆ ಹತ್ತು. ಕತ್ತಲಾಗೋಕೆ ಇನ್ನೂ ಎರಡು ಗಂಟೆ ಇದೆ" ಎಂದರು.

ಅವಳು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರೆಳೆದುಕೊಂಡು, ನಿಧಾನವಾಗಿ.