ಗೊಬ್ಬರದ ಅಂಗಡಿಯ ಫೋನು

ನನಗೆ ಮೂಗಿನ ತುದಿಯಲ್ಲೇ ಕೋಪ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಮಕ್ಕಳು ಇಟ್ಟಿರುವ ಅಡ್ಡಹೆಸರು ಏನೆಂದು ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಹದಿನಾಲ್ಕು ವರ್ಷ ಹಳೆಯದಾದ ನನ್ನ ಕಾರಿಗೆ ಬ್ಲೂಟೂತ್ ಹಾಕಿಸಿದ್ದೂ ಕೋಪದಲ್ಲೇ. ಆ ಸಲದ ಕೋಪ ಮಾತ್ರ ನನ್ನ ಮೇಲೇ ಇತ್ತು.

ಅವ್ವನನ್ನು ದಾವಣಗೆರೆಯ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಚನ್ನಗಿರಿಯ ನಮ್ಮ ಮನೆಗೆ ವಾಪಸ್ ಬರುತ್ತಿದ್ದೆವು. ಸೂಳೆಕೆರೆ ಏರಿಯ ಹತ್ತಿರ ಜಗಳೂರಿನಿಂದ ಅಣ್ಣನ ಫೋನು ಬಂತು. ಪಕ್ಕದಲ್ಲಿ ಕೂತ ಅವ್ವನಿಗೆ ಕೇಳಿಸಬಾರದೆಂದು ಫೋನನ್ನು ಬಲಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೂಂ, ಉಹೂಂ ಎನ್ನುತ್ತಾ ಓಡಿಸುತ್ತಿದ್ದೆ. ತಿರುವಿನಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡ ಮೊಪೆಡ್ಡೊಂದು ಎದುರಿಗೇ ಬಂದದ್ದು ನನಗೆ ಕಾಣಲೇ ಇಲ್ಲ. ಅವ್ವ ಕಿರುಚಿದಳು. ಬ್ರೇಕ್ ಒತ್ತಿದೆ. ಮೊಪೆಡ್ಡಿನವನು ರಸ್ತೆ ಬಿಟ್ಟು ಇಳಿದು ನಿಂತು ಬಾಯಿಗೆ ಬಂದದ್ದೆಲ್ಲ ಬೈದ. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಅವ್ವ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, "ನಿಮ್ಮಣ್ಣಂಗೆ ಅಂಥದ್ದೇನೇ ಅವಸರ ಐತೆ?" ಎಂದಳು.

ಅವಸರವಿತ್ತು. ಅವ್ವನ ಜಠರದಲ್ಲಿ ಗಡ್ಡೆ ಇತ್ತು. ಅದು ಕ್ಯಾನ್ಸರ್ ಎಂದು ಹಿಂದಿನ ವಾರವಷ್ಟೇ ತಿಳಿದಿತ್ತು. ಇನ್ನೂ ಹರಡಿಲ್ಲ, ಬೇಗ ಆಪರೇಷನ್ ಮಾಡಿದರೆ ಉಳಿಸಿಕೊಳ್ಳಬಹುದು ಎಂದಿದ್ದರು ಡಾಕ್ಟರು. ಅವ್ವನಿಗೆ ನಾವು ಹೇಳಿದ್ದು ಹೊಟ್ಟೆಯಲ್ಲಿ ಸಣ್ಣ ಹುಣ್ಣು ಎಂದು. ಹಾಗೇ ಹೇಳಬೇಕೆಂದು ಹಟ ಹಿಡಿದವನು ಅಣ್ಣ. "ಆ ಹೆಸರು ಕಿವಿಗೆ ಬಿದ್ರೆ ಅಲ್ಲೇ ಕುಸಿದು ಹೋಗ್ತಾಳೆ. ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದಿದ್ದ. ನಾನು ಸುಮ್ಮನಿದ್ದೆ. ನಮ್ಮ ಕಡೆ ಇದೇ ಪದ್ಧತಿ. ಕಾಯಿಲೆಯ ಹೆಸರು ನೆರೆಮನೆಯವರಿಗೆ ಗೊತ್ತಿರುತ್ತದೆ, ಬೀಗರಿಗೆ ಗೊತ್ತಿರುತ್ತದೆ, ಹಾಲು ಹಾಕುವವನಿಗೂ ಗೊತ್ತಿರುತ್ತದೆ. ಕಾಯಿಲೆ ಬಂದವರಿಗೊಬ್ಬರಿಗೆ ಗೊತ್ತಿರುವುದಿಲ್ಲ.

ಈ ಸುಳ್ಳು ನಮ್ಮ ಕುತ್ತಿಗೆಗೇ ಬಂದಿತ್ತು. ಅವ್ವ ಆಪರೇಷನ್‌ಗೆ ಸುತಾರಾಂ ಒಪ್ಪಲಿಲ್ಲ. "ಸಣ್ಣ ಹುಣ್ಣಿಗೆ ಯಾರಾದ್ರೂ ಹೊಟ್ಟೆ ಕೊಯ್ಸಿಕೊಳ್ತಾರೇನೇ? ಮಜ್ಜಿಗೆ ಕುಡಿದ್ರೆ ಮಾಯ್ತೈತೆ" ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ತಪ್ಪೇನಿರಲಿಲ್ಲ, ನಾವು ಕೊಟ್ಟ ಲೆಕ್ಕವೇ ತಪ್ಪಾಗಿತ್ತು. ಡಾಕ್ಟರು ದಿನಕ್ಕೊಮ್ಮೆ ಕೇಳುತ್ತಿದ್ದರು, ಅಣ್ಣ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ. ಅವ್ವ ದಿನ ದಿನಕ್ಕೂ ಇಳಿದುಹೋಗುತ್ತಿದ್ದಳು.

ಮೊಪೆಡ್ಡಿನ ಮಾರನೇ ದಿನವೇ ಚನ್ನಗಿರಿಯ ಒಂದು ಕಾರ್ ವೈರಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ಐವತ್ತು ದಾಟಿದವರು, ಕೆಲಸ ಶುರು ಮಾಡಿದರೆ ಮಾತು ಕಡಿಮೆ. ಹಳೇ ಟೇಪ್ ರೆಕಾರ್ಡರನ್ನು ಕಿತ್ತು ಕೆಳಗಿಟ್ಟು, ಒಳಗಿನ ವೈರುಗಳ ಗಂಟನ್ನು ನೋಡಿ ತಲೆ ಕೆರೆದುಕೊಂಡರು.

"ಹೊಸ ಸೆಟ್ಟಿನ ಸಾಕೆಟ್ಟು ನಿಮ್ಮ ಗಾಡಿಗೆ ಹೊಂದಲ್ಲ ಮೇಡಂ. ವೈರು ಕಟ್ ಮಾಡಿ ಒಂದೊಂದೇ ಸೇರಿಸ್ಬೇಕು."

ಸೇರಿಸಿದರು. ಹಳದಿ ವೈರು ನೇರವಾಗಿ ಬ್ಯಾಟರಿಯಿಂದ ಬರಬೇಕು, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯಬೇಕು. ನನ್ನ ಕಾರಿನಲ್ಲಿ ಆ ಕೀಲಿಯ ವೈರು ಎಲ್ಲೋ ಒಳಗೆ ಸತ್ತುಹೋಗಿತ್ತು. ಅವರು ಎರಡನ್ನೂ ಬ್ಯಾಟರಿಗೇ ಕೊಟ್ಟು ಟೇಪ್ ಸುತ್ತಿದರು. "ಕೀಲಿ ತೆಗೆದ್ರೂ ಸೆಟ್ ಆರಲ್ಲ, ಇಳಿಯೋವಾಗ ನೀವೇ ಆರಿಸ್ರಿ. ಇಲ್ಲಾಂದ್ರೆ ಬ್ಯಾಟರಿ ಇಳಿದೋಗ್ತೈತೆ" ಎಂದರು. ಪುಟ್ಟ ಮೈಕನ್ನು ಕನ್ನಡಿಯ ಪಕ್ಕ ಸಿಕ್ಕಿಸಿದರು. ಗುಂಡಿ ಒತ್ತಿ ಇಂಥವರಿಗೆ ಫೋನ್ ಮಾಡು ಎಂದರೆ ಮಾಡುತ್ತದೆ, ಕನ್ನಡವೂ ನಡೆಯುತ್ತದೆ. ಫೋನ್ ಬಂದರೆ ಯಾರದೆಂದು ತಾನೇ ಹೇಳುತ್ತದೆ.

ತಾನೇ ಹೇಳಿತು ಕೂಡ. ನನ್ನ ಫೋನನ್ನು ಸೆಟ್ಟಿಗೆ ಜೋಡಿಸಿ ಎರಡು ನಿಮಿಷ ಆಗಿರಲಿಲ್ಲ, ನಾಲ್ಕೂ ಬಾಗಿಲ ಸ್ಪೀಕರಿನಿಂದ ಒಂದು ಹೆಣ್ಣುದನಿ ಇಡೀ ಬೀದಿಗೆ ಕೇಳುವಂತೆ ಕೂಗಿತು: "ಕ್ಯಾನ್ಸರ್ ಡಾಕ್ಟರ್." ಆ ಹೆಸರಿನಲ್ಲಿ ನಂಬರು ಉಳಿಸಿಟ್ಟವಳು ನಾನೇ. ಅಂಗಡಿಯವರು ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಯಾರಿಗೆ ಮೇಡಂ?"

"ನಮ್ಮ ಅವ್ವಂಗೆ. ಅವಳಿಗೆ ಹೇಳಿಲ್ಲ."

"ಹೇಳಬ್ಯಾಡ್ರಿ" ಎಂದರು ಅವರು ತಕ್ಷಣ, ಮತ್ತೆ ಸ್ಕ್ರೂ ತಿರುಗಿಸತೊಡಗಿದರು. ಹೆಸರು ಕೂಗುವುದನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದೆ. ಎಲ್ಲ ಗುಂಡಿ ಒತ್ತಿ ನೋಡಿ ಕೈಚೆಲ್ಲಿದರು.

ಅಣ್ಣನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಗೊಬ್ಬರದ ಅಂಗಡಿ ಅಂತ ಹೆಸರು ಬದಲಾಯಿಸು. ಅವ್ವಂಗೆ ಅನುಮಾನ ಬರಲ್ಲ" ಎಂದ. ಗೋವಿನಕೋವಿಯ ಹತ್ತಿರ ನಮ್ಮ ಹೊಲವಿದೆ, ಬೆಳೆಯಲ್ಲಿ ಅರ್ಧ ಪಾಲಿನ ಮೇಲೆ ಕೋರಿಗೆ ಕೊಟ್ಟಿದ್ದೇವೆ. ಗೊಬ್ಬರ ನ್ಯಾಮತಿಯ ಅಂಗಡಿಯಿಂದ ಬರುತ್ತದೆ. ಆ ವ್ಯವಹಾರವೆಲ್ಲ ಅಣ್ಣನದು, ನನ್ನ ಫೋನಿನಲ್ಲಿ ನಿಜವಾದ ಗೊಬ್ಬರದ ಅಂಗಡಿಯ ನಂಬರೇ ಇರಲಿಲ್ಲ. ನಾನು ಕಾರಿನಲ್ಲಿರುವಾಗ ಕಾಯಿಲೆಯ ಮಾತು ಎತ್ತಬೇಡ ಎಂದು ಅವನಿಗೆ ಹೇಳಿ, ಅಲ್ಲೇ ನಿಂತು ಹೆಸರು ಬದಲಾಯಿಸಿದೆ. ನಾವಿಬ್ಬರೂ ಬಹಳ ಜಾಣರು ಎಂದುಕೊಂಡೆ.

ಅವ್ವನಿಗೆ ಸೆಟ್ಟು ತುಂಬ ಹಿಡಿಸಿತು. ಅವಳಿಗೆ ಓದು ಬರದು. ಫೋನಿನಲ್ಲಿ ಹೆಸರು ಹುಡುಕಲಾರಳು, ಯಾರಾದರೂ ಹಚ್ಚಿಕೊಟ್ಟರೆ ಮಾತಾಡುತ್ತಿದ್ದಳು. ಈಗ ಗುಂಡಿ ಒತ್ತಿ, ಮೈಕಿನ ಕಡೆ ಕತ್ತು ಚಾಚಿ, "ತಾಯೀ, ಅಣ್ಣಂಗೆ ಫೋನ್ ಮಾಡವ್ವ" ಎನ್ನುತ್ತಿದ್ದಳು. ಅಣ್ಣ ಜಗಳೂರಿನಲ್ಲಿ ಹಲೋ ಎಂದರೆ ಅವಳ ಮುಖ ಅರಳುತ್ತಿತ್ತು. ಅರವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ತಾನೇ ಯಾರಿಗೋ ಫೋನ್ ಮಾಡಿದ್ದಳು. ನನಗೆ ಸಂತೋಷವೂ ಆಯಿತು, ಒಳಗೊಳಗೇ ಭಯವೂ ಆಯಿತು.

ಏಕೆಂದರೆ ಕಾರು ಹತ್ತಿದಾಗಲೆಲ್ಲ ಆ ಹೆಣ್ಣುದನಿ "ಗೊಬ್ಬರದ ಅಂಗಡಿ" ಎಂದು ಕೂಗುತ್ತಿತ್ತು. ಪ್ರತಿ ಸಲವೂ ತಟ್ಟನೆ ಕಟ್ ಮಾಡುತ್ತಿದ್ದೆ.

"ಎತ್ತೇ, ನಾನ್ ಮಾತಾಡ್ತೀನಿ. ಮೆಕ್ಕೆಜೋಳಕ್ಕೆ ಯೂರಿಯಾ ಯಾಕೆ ಕಳ್ಸಿಲ್ಲ ಕೇಳ್ತೀನಿ" ಎನ್ನುತ್ತಿದ್ದಳು ಅವ್ವ.

"ಆಮೇಲೆ ಮಾಡ್ತೀನಿ ಅವ್ವ, ಟ್ರಾಫಿಕ್ ಐತೆ."

ಚನ್ನಗಿರಿಯ ನಮ್ಮ ರಸ್ತೆಯಲ್ಲಿ ಟ್ರಾಫಿಕ್ ಎಂದರೆ ಎರಡು ಎಮ್ಮೆ. ಅವ್ವ ಒಮ್ಮೆ ಎಮ್ಮೆಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮತ್ತೊಂದು ದಿನ, "ಆ ಅಂಗಡಿಯವ್ರು ನಿಂಗ್ಯಾಕೆ ಇಷ್ಟು ಫೋನ್ ಮಾಡ್ತಾರೆ? ನಿಮ್ಮಣ್ಣ ಏನಾದ್ರೂ ಬಾಕಿ ಉಳಿಸ್ಕಂಡಾನಾ?" ಎಂದು ಕೇಳಿದಳು. ಇಲ್ಲ ಎಂದೆ. ಒಂದು ಸುಳ್ಳು ಉಳಿಸಿಕೊಳ್ಳಲು ದಿನಕ್ಕೆರಡು ಸುಳ್ಳು ಹೇಳುತ್ತಾ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ.

ಶುಕ್ರವಾರ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸೋಮವಾರದೊಳಗೆ ಒಪ್ಪಿಗೆ ಬೇಕು, ತಪ್ಪಿದರೆ ಆಪರೇಷನ್ ಮುಂದಿನ ತಿಂಗಳಿಗೆ ಹೋಗುತ್ತದೆ, ಅಷ್ಟು ಕಾಯುವುದು ಅಪಾಯ. ಅಣ್ಣ ಕೊನೆಯ ಉಪಾಯ ಹೂಡಿದ. ಗೋವಿನಕೋವಿಯಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡಮ್ಮ ಇದ್ದಾಳೆ. ಅವ್ವ ಅವಳ ಮಾತು ಮೀರುವುದಿಲ್ಲ. ದೊಡ್ಡಮ್ಮನಿಗೆ ವಿಷಯವೆಲ್ಲ ತಿಳಿಸಿ ಆಗಿತ್ತು. ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಪ್ಪಿಸಬೇಕು, ಇದು ನನ್ನ ಪಾಲಿನ ಕೆಲಸ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟೆವು. ದಾರಿಯುದ್ದಕ್ಕೂ ವಚನಗಳ ಹಾಡು ಹಾಕಿದ್ದೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸೀಟ್ ಬೆಲ್ಟಿನ ಕೆಳಗೆ ಅವಳ ಹೊಟ್ಟೆ ಎಷ್ಟು ಒಳಗೆ ಹೋಗಿದೆ ಎಂದು ಅವತ್ತು ನೋಡಿದೆ. ಹೊನ್ನಾಳಿಯಲ್ಲಿ ಕಾರು ನಿಲ್ಲಿಸಿದೆ. ಅಕ್ಕನ ಮನೆಗೆ ಕೈ ಬೀಸಿಕೊಂಡು ಹೋಗಬಾರದು, ಬಾಳೆಹಣ್ಣು, ಹೂವು ತಗೊಂಡು ಬಾ ಎಂದು ಅವ್ವ ಕಳಿಸಿದಳು. ಹಾಡು ನಿಲ್ಲಿಸಬೇಡ ಎಂದಳು. ಸೆಟ್ಟನ್ನೂ ಫೋನನ್ನೂ ಹಾಗೇ ಬಿಟ್ಟು, ಕಿಟಕಿ ಗಾಜು ಇಳಿಸಿ, ಕೀಲಿ ಮಾತ್ರ ತೆಗೆದುಕೊಂಡು ಇಳಿದೆ.

ಹೂವಿನವಳ ಹತ್ತಿರ ಮೂರು ಜನ ಮುಂದಿದ್ದರು. ಹತ್ತು ನಿಮಿಷ ಆಗಿರಬಹುದು. ವಾಪಸ್ ಬರುವಾಗ ಹಾಡು ನಿಂತಿರುವುದು ದೂರದಿಂದಲೇ ಗೊತ್ತಾಯಿತು. ಹತ್ತಿರ ಬಂದಾಗ ಕಾರಿನಿಂದ ಡಾಕ್ಟರ ದನಿ ಕೇಳಿತು.

"...ಹಲೋ, ಮೇಡಂ? ಇನ್ನೂ ನಿಮ್ಮ ತಾಯಿಗೆ ಹೇಳಿಲ್ವಾ? ಕ್ಯಾನ್ಸರ್ ಅಂತ ಹೇಳದೆ ಆಪರೇಷನ್‌ಗೆ ಒಪ್ಪಿಸೋಕೆ ಆಗಲ್ಲ ಅಂತ ಮೊದಲೇ ಹೇಳಿದ್ದೆ. ಹಲೋ?"

ಅವ್ವ ಯೂರಿಯಾ ಕೇಳಲು ಗೊಬ್ಬರದ ಅಂಗಡಿಗೆ ಫೋನ್ ಮಾಡಿದ್ದಳು.

ಓಡಿ ಹೋಗಿ ಕಟ್ ಮಾಡಬೇಕಿತ್ತು. ಹಣ್ಣಿನ ಚೀಲ ಹಿಡಿದುಕೊಂಡು ಅವಳ ಕಿಟಕಿಯಿಂದ ಎರಡು ಮಾರು ದೂರದಲ್ಲಿ ನಿಂತುಬಿಟ್ಟೆ. ಅವ್ವ ನನ್ನನ್ನು ನೋಡಿದಳು. ನೋಡಿ, ಮೈಕಿನ ಕಡೆ ತಿರುಗಿದಳು.

"ಮೇಡಂ ಇಲ್ರೀ."

"ನೀವು ಯಾರು ಮಾತಾಡ್ತಿರೋದು?"

"ನಾನೇ ಕಣ್ರೀ. ಹೊಟ್ಟೆ ನಂದೇ."

ಪಕ್ಕದಲ್ಲಿ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅವ್ವ ಬಸ್ಸು ದಾಟುವವರೆಗೆ ಕಾದಳು.

"ಕೊಯ್ಸಿದ್ರೆ ಬದುಕ್ತೀನೇನ್ರೀ?"

"ಬದುಕೋ ಅವಕಾಶ ಚೆನ್ನಾಗಿದೆ ಅಮ್ಮ. ಆದ್ರೆ ಬೇಗ ಮಾಡಬೇಕು."

"ಕೊಯ್ಸದಿದ್ರೆ?"

ಡಾಕ್ಟರು ಹೇಳಿದರು. ಸಮಾಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಊಟ ಇಳಿಯುವುದಿಲ್ಲ, ನೋವು ಹೆಚ್ಚುತ್ತದೆ, ಆಮೇಲೆ ಕೊಯ್ಯಲೂ ಆಗುವುದಿಲ್ಲ. ಅವ್ವ ಯೂರಿಯಾ ಎಷ್ಟು ಚೀಲ ಬೇಕು ಎಂದು ಕೇಳಿಸಿಕೊಳ್ಳುವವಳ ಹಾಗೆ ಹೂಂ, ಹೂಂ ಎನ್ನುತ್ತಿದ್ದಳು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಎದುರು ನಿಂತು ಈ ಮಾತು ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ.

"ಸೋಮವಾರ ಬರ್ತೀನ್ರೀ" ಎಂದಳು ಕೊನೆಗೆ.

ಒಳಗೆ ಬಂದು ಕೂತೆ. ಹೂವಿನ ಪೊಟ್ಟಣ ತೊಡೆಯ ಮೇಲಿತ್ತು, ಎಲ್ಲಿಡಬೇಕೆಂದು ತೋಚಲಿಲ್ಲ. ಅವ್ವ ಅದನ್ನು ತೆಗೆದುಕೊಂಡು ಹಿಂದಿನ ಸೀಟಿನಲ್ಲಿಟ್ಟಳು. ಅವಳು ಕುಸಿದಿರಲಿಲ್ಲ. ಅಳುತ್ತಿದ್ದವಳು ನಾನು.

"ತಪ್ಪಾಯ್ತು ಅವ್ವ. ಅಣ್ಣ ಬ್ಯಾಡ ಅಂದ."

"ಅವ್ನಿಗೆ ಬಯ್ಯಬ್ಯಾಡ. ಅವ್ನಿಗೆ ಕಲ್ಸಿದೋಳು ನಾನೇ."

ನನಗೆ ಅರ್ಥವಾಗಲಿಲ್ಲ. ಅವಳು ಮುಂದಿನ ಗಾಜಿನಾಚೆ, ಹೊಳೆಯ ಸೇತುವೆಯ ಕಡೆ ನೋಡುತ್ತಾ ಮಾತಾಡಿದಳು.

"ನಿಮ್ಮಪ್ಪಂಗೂ ಇದೇ ಆಗಿತ್ತು. ನಾನು, ನಿಮ್ಮಣ್ಣ ಇಬ್ರೂ ಸೇರಿ ಸಣ್ಣ ಹುಣ್ಣು ಅಂತ ಹೇಳಿದ್ವಿ. ಅವ್ರೂ ನನ್ನಂಗೇ, ಹುಣ್ಣಿಗೆ ಯಾಕೆ ಆಪರೇಷನ್ನು, ಬ್ಯಾಡ ಅಂದ್ರು. ನಾನು ಬಾಯಿ ಬಿಡಲಿಲ್ಲ. ಮೂರು ತಿಂಗಳು ಬಾಯಿ ಬಿಡಲಿಲ್ಲ ಕಣೇ. ನೀವು ಹುಣ್ಣು ಅಂದಾಗ್ಲೇ ನಂಗೆ ಗೊತ್ತಾಗಬೇಕಿತ್ತು. ನನ್ನ ಮಕ್ಳು ನಂಗೆ ಹಂಗೆ ಮಾಡಲ್ಲ ಅಂದ್ಕಂಡಿದ್ದೆ."

ಕೀಲಿ ಹಾಕಲು ಹೋದವಳು ಅದನ್ನು ತೊಡೆಯ ಮೇಲಿಟ್ಟೆ.

"ನನಗ್ಯಾಕೆ ಹೇಳಲಿಲ್ಲ ಅವ್ವ?" ಎಂದೆ.

"ನಿಂಗೆ ಆಗ ಪಿಯುಸಿ ಪರೀಕ್ಷೆ ಇತ್ತಲ್ಲ" ಎಂದಳು.

ಅಪ್ಪ ಹೋಗಿ ಇಪ್ಪತ್ತೆರಡು ವರ್ಷ. ಅವರು ಹೊಟ್ಟೆಯ ಹುಣ್ಣಿನಿಂದ ಹೋದರೆಂದೇ ನಾನು ಅವತ್ತಿನವರೆಗೂ ನಂಬಿದ್ದೆ.